ತನ್ನ ಬಣ್ಣಿಸದೆ ವ್ಯಾಪಾರ ಮಾಡುವ ಬಗೆ

(ದಾವಣಗೆರೆಯಲ್ಲಿ ಸಣ್ಣ ಉದ್ದಿಮೆದಾರರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಪ್ರಶ್ನೋತ್ತರದ ಒಂದು ಭಾಗವಿದೆ.)

ನಮ್ಮ ಕಡೆ ಒಬ್ಬ ಹುಡುಗನನ್ನು ಹೊಗಳಬೇಕಾದರೆ ‘ಪಾಪ, ಬಹಳ ಸಂಕೋಚದ ಸ್ವಭಾವ’ ಎನ್ನುತ್ತಾರೆ. ವಿಚಾರಿಸಲು ಬಂದ ಹೆಣ್ಣಿನ ಕಡೆಯವರು ಈ ಮಾತು ಕೇಳಿ ಸಮಾಧಾನದಿಂದ ಊರಿಗೆ ಹಿಂತಿರುಗುತ್ತಾರೆ. ಅದೇ ಹುಡುಗ ಅಂಗಡಿ ತೆರೆದರೆ, ಸಾಲ ಕೊಟ್ಟ ಬ್ಯಾಂಕಿನವರಿಗೆ ಅದೇ ಸ್ವಭಾವದಿಂದ ನಿದ್ದೆ ಬರುವುದಿಲ್ಲ. ಇಲ್ಲಿ ಕುಳಿತಿರುವವರಲ್ಲಿ ರೊಟ್ಟಿ ಮಾಡುವವರಿದ್ದೀರಿ, ಅಣಬೆ ಬೆಳೆಯುವವರಿದ್ದೀರಿ, ಪಂಪ್‌ಸೆಟ್ ರಿಪೇರಿ ಮಾಡುವವರಿದ್ದೀರಿ, ಮದುವೆ ಮನೆಗಳಿಗೆ ಹೋಗಿ ಮೆಹಂದಿ ಹಾಕುವವರಿದ್ದೀರಿ. ಕೆಲಸ ಬಾರದವರು ಯಾರೂ ಇಲ್ಲ. ‘ನನಗೆ ಈ ಕೆಲಸ ಬರುತ್ತದೆ, ಇಷ್ಟು ದುಡ್ಡಾಗುತ್ತದೆ, ಮಾಡಿಸುತ್ತೀರಾ?’ ಎಂದು ಗುರುತಿಲ್ಲದವರ ಮುಖ ನೋಡಿ ಕೇಳಲಾಗದವರು ಮಾತ್ರ ಬೇಕಾದಷ್ಟು ಜನ ಇದ್ದೀರಿ. ಬೆಳಿಗ್ಗೆ ಪರಿಚಯ ಹೇಳಿಕೊಳ್ಳಿ ಎಂದಾಗ ಮೈಕು ಕೈಯಿಂದ ಕೈಗೆ ಎಷ್ಟು ಬೇಗ ದಾಟಿಹೋಯಿತು ಎಂಬುದನ್ನು ನಾನು ಹಿಂದಿನ ಸಾಲಿನಲ್ಲಿ ಕುಳಿತು ನೋಡಿದ್ದೇನೆ.

ಈ ಸಂಕೋಚಕ್ಕೆ ನಮ್ಮಲ್ಲಿ ಗಟ್ಟಿ ಆಧಾರವೂ ಇದೆ. ‘ತನ್ನ ಬಣ್ಣಿಸಬೇಡ, ಇದಿರ ಹಳಿಯಲು ಬೇಡ’ ಎಂದು ಬಸವಣ್ಣನವರು ಹೇಳಿದ್ದನ್ನು ನಾವು ಶಾಲೆಯ ಗೋಡೆಯ ಮೇಲೆ ಓದಿಕೊಂಡು ಬೆಳೆದವರು. ಮನೆಯಲ್ಲಿ ಅಜ್ಜಿ ‘ತುಂಬಿದ ಕೊಡ ತುಳುಕುವುದಿಲ್ಲ’ ಎನ್ನುತ್ತಿದ್ದಳು. ಯಾರಾದರೂ ತಮ್ಮ ಬಗ್ಗೆ ತಾವೇ ಎರಡು ಮಾತು ಹೆಚ್ಚು ಆಡಿದರೆ ‘ಮೂರೂ ಬಿಟ್ಟವರು ಊರಿಗೆ ದೊಡ್ಡವರು’ ಎಂದು ಅಪ್ಪ ಪತ್ರಿಕೆಯ ಮರೆಯಿಂದಲೇ ತೀರ್ಪು ಕೊಡುತ್ತಿದ್ದರು. ಇಷ್ಟೆಲ್ಲ ತಲೆಯಲ್ಲಿಟ್ಟುಕೊಂಡು ಬೆಳೆದವರು ಇದ್ದಕ್ಕಿದ್ದಂತೆ ‘ಬನ್ನಿ, ನಮ್ಮದೇ ನಂಬರ್ ಒನ್’ ಎಂದು ಕೂಗಬೇಕೆಂದರೆ ಗಂಟಲು ಕಟ್ಟದೆ ಇರುತ್ತದೆಯೇ?

ಆದರೆ ಆ ವಚನವನ್ನು ಹೇಳಿದ ಕಾಲದ ಶರಣರನ್ನೇ ಸ್ವಲ್ಪ ನೋಡಿ. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಆಯ್ದಕ್ಕಿ ಲಕ್ಕಮ್ಮ. ಒಬ್ಬರು ಬಟ್ಟೆ ಒಗೆಯುತ್ತಿದ್ದರು, ಒಬ್ಬರು ದೋಣಿ ನಡೆಸುತ್ತಿದ್ದರು, ಒಬ್ಬರು ಬುಟ್ಟಿ ಹೆಣೆಯುತ್ತಿದ್ದರು, ಒಬ್ಬರು ಹಗ್ಗ ಹೊಸೆಯುತ್ತಿದ್ದರು. ತನ್ನನ್ನು ಬಣ್ಣಿಸಿಕೊಳ್ಳಬೇಡ ಎಂದ ಅದೇ ಜನ ತಮ್ಮ ಕಾಯಕವನ್ನು ಹೆಸರಿನ ಮುಂದೆಯೇ ಹೊತ್ತುಕೊಂಡು ತಿರುಗಿದರು. ನಿಮ್ಮಲ್ಲಿ ಎಷ್ಟು ಜನರ ಮನೆಯ ಮುಂದೆ, ಒಳಗೆ ಯಾವ ಕೆಲಸ ನಡೆಯುತ್ತದೆ ಎಂದು ತಿಳಿಸುವ ಒಂದು ಬೋರ್ಡಿದೆ? ಬೇಡ, ಕೈ ಎತ್ತಬೇಡಿ.

ನಾನು ಬದುಕು ಕಟ್ಟಿಕೊಂಡದ್ದು ಪ್ರಿಂಟಿಂಗ್ ಪ್ರೆಸ್ಸಿನಲ್ಲಿ. ಅಚ್ಚಿನ ಮೊಳೆ ಜೋಡಿಸುವ ಕಾಲದಿಂದ ಕಂಪ್ಯೂಟರಿನ ಡಿಟಿಪಿ, ಆಫ್‌ಸೆಟ್, ಈಗಿನ ಫ್ಲೆಕ್ಸ್ ತನಕ ಎಲ್ಲವನ್ನೂ ಕಂಡಿದ್ದೇನೆ. ಮದುವೆಯ ಲಗ್ನಪತ್ರಿಕೆ ಮಾಡಿಸಲು ಬಂದವರು ಯಾವ ದೊಡ್ಡಪ್ಪನ ಹೆಸರು ಯಾವ ಚಿಕ್ಕಪ್ಪನ ಹೆಸರಿಗಿಂತ ಮೇಲಿರಬೇಕು ಎಂದು ಮೂರು ಸಲ ಕರಡು ತಿದ್ದುತ್ತಾರೆ. ಹುಟ್ಟುಹಬ್ಬದ ಫ್ಲೆಕ್ಸ್‌ಗೆ ಬಂದವರು ಮೀಸೆ ಸರಿಯಾಗಿ ಕಾಣಿಸುವ ಫೋಟೊಕ್ಕಾಗಿ ಅರ್ಧ ದಿನ ಕೂರುತ್ತಾರೆ. ಆದರೆ ಸ್ವಂತ ಅಂಗಡಿಯ ಕರಪತ್ರ ಮಾಡಿಸಲು ಬಂದವರನ್ನು ‘ಏನು ಬರೆಯೋಣ?’ ಎಂದು ಕೇಳಿದರೆ, ನೆಲ ನೋಡುತ್ತ ‘ನೀವೇ ಏನಾದರೂ ಹಾಕಿಬಿಡಿ ಸಾರ್’ ಎನ್ನುತ್ತಾರೆ. ಪ್ರೆಸ್ಸಿನವರು ಏನು ಹಾಕುತ್ತಾರೆ? ‘ನಮ್ಮಲ್ಲಿ ಎಲ್ಲಾ ತರಹದ ಹೊಲಿಗೆ ಕೆಲಸಗಳನ್ನು ನುರಿತ ಕೆಲಸಗಾರರಿಂದ ಯೋಗ್ಯ ದರದಲ್ಲಿ ಮಾಡಿಕೊಡಲಾಗುವುದು. ಒಮ್ಮೆ ಭೇಟಿ ಕೊಡಿ.’ ಹೊಲಿಗೆ ತೆಗೆದು ವೈರಿಂಗ್ ಎಂದು ಹಾಕಿದರೆ ಎಲೆಕ್ಟ್ರಿಷಿಯನ್‌ಗೆ ಆಯಿತು. ವೈರಿಂಗ್ ತೆಗೆದು ಅಡುಗೆ ಎಂದು ಹಾಕಿದರೆ ಭಟ್ಟರಿಗೆ ಆಯಿತು. ಸಂಕೋಚದವರ ಕರಪತ್ರವೆಲ್ಲ ಒಂದೇ ಕರಪತ್ರ. ಅದರಲ್ಲಿ ಮಾಡುವ ಮನುಷ್ಯನೇ ಇಲ್ಲ. ಯಾರೋ, ಎಲ್ಲೋ, ಮಾಡಿಕೊಡಲಾಗುವುದು.

ಒಂದು ಸಲ ಹೀಗೆಯೇ ಬ್ಲೌಸ್ ಹೊಲಿಯುವ ಹೆಣ್ಣುಮಗಳೊಬ್ಬರು ಬಂದರು. ಬಿಸಿಲು ಹೊತ್ತು, ಪ್ರೆಸ್ಸಿನಲ್ಲಿ ಬೇರೆ ಗಿರಾಕಿಗಳಿರಲಿಲ್ಲ, ಮಾತಿಗೆ ಕೂತೆ.

‘ನಿಮ್ಮ ಹೊಲಿಗೆಯಲ್ಲಿ ಏನು ವಿಶೇಷ ಅಮ್ಮಾ?’

‘ವಿಶೇಷ ಏನಿಲ್ಲ ಅಣ್ಣಾ. ಎಲ್ಲರ ಹಾಗೆ ಹೊಲಿಯುತ್ತೇನೆ.’

‘ಮತ್ತೆ ಒಮ್ಮೆ ಹೊಲಿಸಿದವರು ಪುನಃ ನಿಮ್ಮ ಹತ್ತಿರವೇ ಯಾಕೆ ಬರುತ್ತಾರೆ?’

‘ಒಗೆದ ಮೇಲೆ ಬ್ಲೌಸ್ ಬಿಗಿಯಾಗುವುದಿಲ್ಲವಂತೆ.’

‘ಯಾಕೆ ಆಗುವುದಿಲ್ಲ?’

‘ಲೈನಿಂಗ್ ಬಟ್ಟೆಯನ್ನು ರಾತ್ರಿ ನೀರಿನಲ್ಲಿ ನೆನೆಹಾಕಿ, ಒಣಗಿಸಿ, ಇಸ್ತ್ರಿ ಮಾಡಿ, ಆಮೇಲೆ ಕತ್ತರಿಸುತ್ತೇನೆ. ಕುಗ್ಗುವುದೆಲ್ಲ ಮೊದಲೇ ಕುಗ್ಗಿರುತ್ತದೆ. ಎರಡೂ ಪಕ್ಕದಲ್ಲಿ ಒಂದಿಷ್ಟು ಬಟ್ಟೆ ಒಳಗೆ ಬಿಟ್ಟಿರುತ್ತೇನೆ. ಬಾಣಂತನ ಮುಗಿಸಿಕೊಂಡು ಬಂದವರಿಗೆ ಮೈ ಬಂದಿರುತ್ತದಲ್ಲ, ಬಿಚ್ಚಿ ಸಡಿಲ ಮಾಡಿಕೊಡಬಹುದು.’

‘ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುತ್ತೀರಾ?’

‘ಅಯ್ಯೋ, ಅದಕ್ಕೆ ಯಾರಾದರೂ ತೆಗೆದುಕೊಳ್ಳುತ್ತಾರಾ?’

ಇಷ್ಟನ್ನೇ ಬರೆದೆವು. ‘ಲೈನಿಂಗ್ ಬಟ್ಟೆಯನ್ನು ನೆನೆಸಿ ಒಣಗಿಸಿದ ಮೇಲೆಯೇ ಹೊಲಿಯುತ್ತೇನೆ. ಪಕ್ಕದಲ್ಲಿ ಬಟ್ಟೆ ಬಿಟ್ಟಿರುತ್ತೇನೆ. ಮುಂದೆ ಸಡಿಲ ಮಾಡಿಸಲು ಬಂದರೆ ಹಣವಿಲ್ಲ.’ ಕೆಳಗೆ ಹೆಸರು, ಓಣಿ, ಮೊಬೈಲ್ ನಂಬರ್. ಓದಿ ನೋಡಿದ ಆಕೆಗೆ ಆತಂಕವಾಯಿತು. ‘ಇದನ್ನೆಲ್ಲ ಹಾಕಿದರೆ ಜಂಬ ಎನ್ನುವುದಿಲ್ಲವೇ?’ ನಾನು ಹೇಳಿದೆ, ಇದರಲ್ಲಿ ನಿಮ್ಮ ಹೊಗಳಿಕೆ ಎಲ್ಲಿದೆ ತೋರಿಸಿ. ‘ಉತ್ತಮ’ ಇಲ್ಲ, ‘ಅತ್ಯುತ್ತಮ’ ಇಲ್ಲ, ‘ನುರಿತ’ ಇಲ್ಲ. ಬಟ್ಟೆ ನೆನೆಸುತ್ತೀರಿ ಎಂದಿದೆ. ನೆನೆಸುತ್ತೀರೋ ಇಲ್ಲವೋ?

ಈ ಹೊತ್ತು ನಾನು ನಿಮಗೆ ಹೇಳಲು ಬಂದದ್ದು ಇದನ್ನೇ. ಸಂಕೋಚದವರು ಮಾತುಗಾರರಾಗಬೇಕಿಲ್ಲ. ಆಗಲು ಹೊರಟರೆ ಬೇರೆಯವರ ಅಂಗಿ ತೊಟ್ಟ ಹಾಗೆ ಕಾಣಿಸುತ್ತೀರಿ. ನೀವು ನಿಮ್ಮನ್ನು ಬಣ್ಣಿಸಬೇಡಿ, ಕೆಲಸವನ್ನು ವಿವರಿಸಿ. ಹೊಗಳಿಕೆ ಹೇಳುವಾಗ ನಾಲಿಗೆ ತೊದಲುತ್ತದೆ, ಏಕೆಂದರೆ ಅದು ನಿಜವೋ ಅಲ್ಲವೋ ನಮಗೇ ಗೊತ್ತಿರುವುದಿಲ್ಲ. ವಿವರ ಹೇಳುವಾಗ ಹಾಗಲ್ಲ. ಖಡಕ್ ರೊಟ್ಟಿ ಮಾಡುವ ಅಕ್ಕನನ್ನು ‘ನಿಮ್ಮ ರೊಟ್ಟಿ ಚೆನ್ನಾಗಿರುತ್ತದಾ?’ ಎಂದು ಕೇಳಿ, ನಕ್ಕು ಸುಮ್ಮನಾಗುತ್ತಾರೆ. ‘ಯಾವ ಜೋಳ?’ ಎಂದು ಕೇಳಿ ನೋಡಿ. ಹಿಂಗಾರಿಯ ಮಾಲ್ದಂಡಿಯೇ ಯಾಕೆ ಬೇಕು, ಎಸರು ಎಷ್ಟು ಕಾದಿರಬೇಕು, ಹಿಟ್ಟು ಹಳತಾದರೆ ಬಡಿಯುವಾಗ ಅಂಚು ಹೇಗೆ ಬಿರಿಯುತ್ತದೆ, ಎಲ್ಲವನ್ನೂ ಉಸಿರು ಬಿಡದೆ ಹೇಳುತ್ತಾರೆ. ಆಗ ಸಂಕೋಚ ಎಲ್ಲಿಗೆ ಹೋಯಿತು? ಸಾರಿನ ಪುಡಿ ಮಾಡುವವರು ‘ರುಚಿಕರ, ಶುಚಿಕರ’ ಎನ್ನುವ ಬದಲು ‘ಬ್ಯಾಡಗಿ ಕಡ್ಡಿ ಮೆಣಸಿನಕಾಯಿ, ಈ ವರ್ಷದ ಹೊಸ ಕಾಯಿ, ಶೀತಲಗೃಹದ್ದಲ್ಲ’ ಎಂದು ಚೀಟಿ ಅಂಟಿಸಲಿ. ಬ್ಯಾಡಗಿ ಮಾರುಕಟ್ಟೆಯ ಗಾಳಿ ಕುಡಿದವರಿಗೆ ಆ ಒಂದು ಸಾಲಿನಲ್ಲಿ ಎಷ್ಟು ವಿಷಯವಿದೆ ಎಂದು ತಿಳಿಯುತ್ತದೆ. ತಿಳಿಯದವರಿಗೂ ಈ ಹೆಂಗಸಿಗೆ ತನ್ನ ಮೆಣಸಿನಕಾಯಿ ಗೊತ್ತು ಎಂಬುದಾದರೂ ತಿಳಿಯುತ್ತದೆ. ಸುಳ್ಳು ವಿವರ ಮಾತ್ರ ಬೇಡ. ‘ಹುಸಿಯ ನುಡಿಯಲು ಬೇಡ’ ಎಂಬುದೂ ಅದೇ ವಚನದಲ್ಲಿದೆ.

ಮಾತೇ ಬೇಡ ಎನ್ನುವವರಿಗೂ ದಾರಿ ಇದೆ. 1924ರಲ್ಲಿ ಬೆಂಗಳೂರಿನಲ್ಲಿ ಶುರುವಾದ, ಮುಂದೆ ಮಾವಳ್ಳಿ ಟಿಫಿನ್ ರೂಮ್ಸ್ ಎಂದು ಹೆಸರಾದ ಹೋಟೆಲನ್ನು ಎಲ್ಲರೂ ಬಲ್ಲಿರಿ. ಅದರ ಯಜ್ಞನಾರಾಯಣ ಮಯ್ಯರು 1951ರಲ್ಲಿ ಯುರೋಪ್ ನೋಡಿಕೊಂಡು ಬಂದರು. ಅಲ್ಲಿನ ಹೋಟೆಲುಗಳ ಶುಚಿತ್ವ ಅವರ ಮನಸ್ಸಿಗೆ ನಾಟಿತ್ತು. ಬಂದವರು ‘ನಮ್ಮದು ಶುಚಿ’ ಎಂದು ಡಂಗುರ ಸಾರಲಿಲ್ಲ; ಅಡುಗೆಮನೆಯನ್ನು ಗಿರಾಕಿಗಳ ಕಣ್ಣಿಗೆ ತೆರೆದಿಟ್ಟರು. ಬಾಯಿಗಿಂತ ಬಾಗಿಲು ಹೆಚ್ಚು ಕೆಲಸ ಮಾಡಿತು. ನಿಮ್ಮ ಕೆಲಸದಲ್ಲಿ ಹೀಗೆ ತೆರೆದಿಡಬಹುದಾದ ಬಾಗಿಲು ಯಾವುದು ಎಂದು ಯೋಚಿಸಿ. ಎಣ್ಣೆ ಗಾಣದವರು ಗಾಣ ತಿರುಗುವುದನ್ನು ಮೊಬೈಲಿನಲ್ಲಿ ಹಿಡಿದು ಸ್ಟೇಟಸ್‌ಗೆ ಹಾಕಲಿ, ಮುಖ ತೋರಿಸಬೇಕಿಲ್ಲ, ಮಾತನಾಡಬೇಕಿಲ್ಲ. ಮೋಟರ್ ರಿವೈಂಡಿಂಗ್ ಮಾಡುವವರು ಸುಟ್ಟ ಕಾಯಿಲ್ ಮತ್ತು ಹೊಸದಾಗಿ ಸುತ್ತಿದ ಕಾಯಿಲ್ ಎರಡರ ಚಿತ್ರವನ್ನೂ ಗಿರಾಕಿಗೆ ಕಳುಹಿಸಲಿ. ನಮ್ಮ ರೈತರಿಗೆ ರಿಪೇರಿಯವನ ಮೇಲೆ ಇರುವ ಅನುಮಾನ ಅರ್ಧ ಅಲ್ಲಿಯೇ ಕಳೆಯುತ್ತದೆ.

ದೊಡ್ಡವರು ಪ್ರಚಾರಕ್ಕೆ ನಾಚಿದರೇ ಎಂದರೆ, ಅದೂ ಇಲ್ಲ. ಮೊದಲ ಮಹಾಯುದ್ಧ ಬಂದು ಮೈಸೂರಿನ ಗಂಧದ ಮರ ಯುರೋಪಿಗೆ ಹೋಗುವುದು ನಿಂತಾಗ, ನಾಲ್ವಡಿ ಕೃಷ್ಣರಾಜ ಒಡೆಯರು ಮತ್ತು ದಿವಾನ್ ವಿಶ್ವೇಶ್ವರಯ್ಯನವರ ಕಾಲದಲ್ಲಿ ಸರ್ಕಾರವೇ ಗಂಧದ ಎಣ್ಣೆ ತೆಗೆಯಲು, ಆಮೇಲೆ ಸಾಬೂನು ಮಾಡಲು ಇಳಿಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳನ್ನು ಆ ವಿದ್ಯೆ ಕಲಿಯಲು ಲಂಡನ್ನಿಗೆ ಕಳುಹಿಸಿದರು. ತಯಾರಾದ ಸಾಬೂನನ್ನು ಒಡವೆಯ ಪೆಟ್ಟಿಗೆಯಂಥ ಡಬ್ಬದಲ್ಲಿಟ್ಟು, ಆನೆಯ ತಲೆ, ಸಿಂಹದ ಮೈ ಇರುವ ಶರಭದ ಮುದ್ರೆ ಒತ್ತಿ ಮಾರಿದರು. ಪ್ರಚಾರಕ್ಕಾಗಿ ಕರಾಚಿಯಲ್ಲಿ ಒಂಟೆಗಳ ಮೆರವಣಿಗೆ ನಡೆಸಿದರೆಂದೂ ಹೇಳುತ್ತಾರೆ. ಮೈಸೂರಿನ ಅರಮನೆಗಿಂತ ಮರ್ಯಾದಸ್ಥರು ಇಲ್ಲಿ ಯಾರಾದರೂ ಇದ್ದೀರಾ?

ಅಷ್ಟು ದೂರ ಯಾಕೆ, ಬೆಂಗಳೂರಿನ ಬಡಾವಣೆಗಳಲ್ಲಿ ತಿರುಗಾಡಿ. ‘ದಾವಣಗೆರೆ ಬೆಣ್ಣೆ ದೋಸೆ’ ಎಂದು ಬೋರ್ಡು ಹಾಕಿಕೊಂಡವರಿಗೆ ಲೆಕ್ಕವಿಲ್ಲ. ನಿಮ್ಮ ಊರಿನ ಹೆಸರು ಹೇಳಲು ಅವರಿಗೆ ಸಂಕೋಚವಿಲ್ಲ. ನಿಮಗಿದೆ!

‘ಜನ ಏನೆಂದುಕೊಳ್ಳುತ್ತಾರೋ’ ಎಂಬ ಭಯದ ಬಗ್ಗೆ ಬಹಳ ಹೇಳುವುದಿಲ್ಲ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದ ಥಾಮಸ್ ಗಿಲೊವಿಚ್ ಮತ್ತು ಸಂಗಡಿಗರು 2000ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಒಬ್ಬ ಗಾಯಕನ ಮುಖ ದೊಡ್ಡದಾಗಿ ಅಚ್ಚಾಗಿರುವ, ಹುಡುಗರು ತೊಡಲು ನಾಚುವಂಥ ಟೀ ಶರ್ಟನ್ನು ವಿದ್ಯಾರ್ಥಿಗಳಿಗೆ ತೊಡಿಸಿ, ಜನ ಕುಳಿತಿದ್ದ ಕೋಣೆಯೊಳಗೆ ಕಳುಹಿಸಿದರು. ಸುಮಾರು ಅರ್ಧದಷ್ಟು ಜನ ತಮ್ಮ ಅಂಗಿಯನ್ನು ಗಮನಿಸಿದ್ದಾರೆ ಎಂದು ತೊಟ್ಟವರು ಅಂದುಕೊಂಡರು. ನಿಜವಾಗಿ ಗಮನಿಸಿದವರು ಕಾಲು ಭಾಗದಷ್ಟೂ ಇರಲಿಲ್ಲ. ನೀವು ಸ್ಟೇಟಸ್‌ನಲ್ಲಿ ಉಪ್ಪಿನಕಾಯಿಯ ಚಿತ್ರ ಹಾಕಿದ್ದನ್ನು ನಿಮ್ಮ ಭಾವನ ಮನೆಯವರು ಆಡಿಕೊಳ್ಳುತ್ತಿದ್ದಾರೆ ಎಂದು ಊಹಿಸಿಕೊಂಡು ರಾತ್ರಿಯೆಲ್ಲ ಹೊರಳಾಡುತ್ತೀರಿ. ಅವರು ಅದನ್ನು ನೋಡಿಯೇ ಇರುವುದಿಲ್ಲ. ವ್ಯಾಪಾರಸ್ಥರ ನಿಜವಾದ ಕಷ್ಟ ಅದು.

ಹೆಂಗಸರ ಮಾತು ಬೇರೆ, ಅವರದು ಬರೀ ಸ್ವಭಾವದ ಸಂಕೋಚವಲ್ಲ. ಕರಪತ್ರಕ್ಕೆ ತಮ್ಮ ನಂಬರ್ ಕೊಡಲು ಹೆದರಲು ಅವರಿಗೆ ಕಾರಣವಿದೆ. ಹೊತ್ತಲ್ಲದ ಹೊತ್ತಿನಲ್ಲಿ ಬರುವ ಕರೆಗಳ ಕಾಟ ಗಂಡಸರಾದ ನಮಗೆ ಗೊತ್ತಿಲ್ಲ. ಅದಕ್ಕೆ ಬಹಳ ಜನ ಯಜಮಾನರ ನಂಬರ್ ಕೊಡುತ್ತಾರೆ. ಬೋರ್ಡಿನಲ್ಲಿ ‘ಪ್ರೊ.’, ಅಂದರೆ ಪ್ರೊಪ್ರೈಟರ್, ಮಾಲೀಕ ಎಂದು ಅವರ ಹೆಸರೇ ಬೀಳುತ್ತದೆ. ಆಮೇಲೆ ಏನಾಗುತ್ತದೆ? ಗಿರಾಕಿ ಫೋನ್ ಮಾಡಿ ‘ನೂರು ಹೋಳಿಗೆ ಬೇಕಿತ್ತು’ ಎಂದರೆ, ಹೊಲದಲ್ಲಿರುವ ಯಜಮಾನರು ‘ಅವಳು ಮನೆಯಲ್ಲಿದ್ದಾಳೆ, ಸಂಜೆ ಮಾಡಿ’ ಎಂದು ಇಡುತ್ತಾರೆ. ಸಂಜೆ ಯಾರು ಮಾಡುತ್ತಾರೆ? ವ್ಯಾಪಾರಕ್ಕೆಂದೇ ಒಂದು ಬೇರೆ ಸಿಮ್ ಇಟ್ಟುಕೊಳ್ಳಿ, ರಾತ್ರಿ ಎಂಟಕ್ಕೆ ಆರಿಸಿ. ಹೆಸರು ಮಾತ್ರ ನಿಮ್ಮದೇ ಇರಲಿ.

ಈಗ ಬೆಲೆಯ ಮಾತು. ಸಂಕೋಚದ ಬೇರು ಬಾಯಲ್ಲಿಲ್ಲ, ಇಲ್ಲಿದೆ ಎಂದು ನನ್ನ ನಂಬಿಕೆ. ಚೆನ್ನಾಗಿ ಮಾತನಾಡುವವರೂ ಇಲ್ಲಿಗೆ ಬಂದು ಮುಗ್ಗರಿಸುತ್ತಾರೆ. ಎಲ್ಲ ಕೆಲಸ ಮುಗಿಸಿ, ಬೆವರು ಒರೆಸಿಕೊಂಡು, ‘ಎಷ್ಟಾಯಿತು?’ ಎಂದು ಕೇಳಿದಾಗ ‘ನೀವೇ ನೋಡಿ ಕೊಡಿ’ ಎನ್ನುತ್ತಾರೆ. ಇದನ್ನು ನಾವು ವಿನಯ ಎಂದುಕೊಂಡಿದ್ದೇವೆ. ಗಿರಾಕಿಗೆ ಇದು ಧರ್ಮಸಂಕಟ. ಹೆಚ್ಚು ಕೊಟ್ಟರೆ ಮೋಸಹೋದೆನೇ ಎಂದು, ಕಡಿಮೆ ಕೊಟ್ಟರೆ ಶಾಪ ಹಾಕುತ್ತಾನೇ ಎಂದು ಅವನು ಒದ್ದಾಡುತ್ತಾನೆ. ಕೊನೆಗೆ ಕಡಿಮೆಯನ್ನೇ ಕೊಡುತ್ತಾನೆ. ನೀವು ಹೊರಗೆ ನಗುತ್ತ, ಒಳಗೆ ಕುದಿಯುತ್ತ ಬರುತ್ತೀರಿ. ಮುಂದಿನ ಸಲ ಅವನು ಬೆಲೆ ಮೊದಲೇ ಹೇಳುವವನನ್ನು ಹುಡುಕಿಕೊಂಡು ಹೋಗುತ್ತಾನೆ.

ಬೆಲೆ ಹೇಳಲು ಧೈರ್ಯ ಎಲ್ಲಿಂದ ಬರುತ್ತದೆ ಎಂದರೆ, ಲೆಕ್ಕದಿಂದ. ರೊಟ್ಟಿಯ ಲೆಕ್ಕ ತೆಗೆಯಿರಿ ಎಂದರೆ ಜೋಳ, ಗಿರಣಿ ಕೂಲಿ, ಉರುವಲು, ಪ್ಲಾಸ್ಟಿಕ್ ಚೀಲ, ಆಟೋ ಬಾಡಿಗೆ ಎಲ್ಲವನ್ನೂ ಬರೆಯುತ್ತಾರೆ. ಬೆಳಗಿನ ಜಾವ ಎದ್ದು ಒಲೆಯ ಮುಂದೆ ಕೂತ ತಮ್ಮ ಹೊತ್ತನ್ನು ಬರೆಯುವುದಿಲ್ಲ. ಅದೇ ಕೆಲಸಕ್ಕೆ ಪಕ್ಕದ ಮನೆಯವರನ್ನು ಕರೆದರೆ ದಿನಗೂಲಿ ಎಷ್ಟು ಕೊಡುತ್ತೀರಿ? ಅದನ್ನು ಬರೆಯಿರಿ. ಒಲೆ ಸವೆಯುತ್ತದೆ, ತವೆ ಸವೆಯುತ್ತದೆ, ಅದನ್ನೂ ಬರೆಯಿರಿ. ಒಡೆದುಹೋಗುವ ರೊಟ್ಟಿಯನ್ನೂ ಬರೆಯಿರಿ. ಹಾಳೆಯ ಮೇಲೆ ಅಂಕಿ ಬಂದ ಮೇಲೆ ಬೆಲೆ ನಿಮ್ಮ ದುರಾಸೆಯಂತೆ ಕಾಣುವುದಿಲ್ಲ, ಕೂಡಿಸಿದ ಮೊತ್ತದಂತೆ ಕಾಣುತ್ತದೆ. ಆ ಬೆಲೆಯನ್ನು ಚೀಟಿಯಲ್ಲಿ ಬರೆದು ಮಳಿಗೆಯ ಮುಂದೆ ತೂಗುಹಾಕಿ. ಬಾಯಿಬಿಟ್ಟು ಹೇಳುವ ಕಷ್ಟವೇ ತಪ್ಪಿತು.

ಬಾಯಿಬಿಟ್ಟು ಹೇಳಲೇಬೇಕಾದಾಗ, ಹೇಳಿ ಸುಮ್ಮನಿರಿ. ಇದು ಸುಲಭವಲ್ಲ. ‘ಆರುನೂರು ಆಗುತ್ತದೆ’ ಎನ್ನುತ್ತೇವೆ; ಎದುರಿನವರು ಯೋಚಿಸಲು ಒಂದು ಉಸಿರು ಎಳೆದುಕೊಳ್ಳುತ್ತಾರೆ; ಆ ಮೌನ ತಡೆಯಲಾರದೆ ‘ಜಾಸ್ತಿ ಆಯಿತಾ? ಐನೂರು ಕೊಡಿ ಬಿಡಿ’ ಎಂದು ನಾವೇ ಇಳಿಸುತ್ತೇವೆ. ಅವರು ಚೌಕಾಸಿ ಮಾಡಲೇ ಇಲ್ಲ! ತಮ್ಮೊಂದಿಗೆ ತಾವೇ ಚೌಕಾಸಿ ಮಾಡಿಕೊಳ್ಳುವ ವ್ಯಾಪಾರಿಗಳು ನಮ್ಮಲ್ಲಿ ಎಷ್ಟು ಜನ! ಮನೆಯಲ್ಲಿ ಮಕ್ಕಳ ಮುಂದೆಯಾದರೂ ಅಭ್ಯಾಸ ಮಾಡಿ. ಬೆಲೆ ಹೇಳಿ, ಬಾಯಿ ಮುಚ್ಚಿ, ಅವರ ಮುಖ ನೋಡಿ.

ಇನ್ನು ಕೇಳುವುದು. ಕೊಲಂಬಿಯಾ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅಪರಿಚಿತರಿಂದ ಒಂದು ಪ್ರಶ್ನಾವಳಿ ಭರ್ತಿ ಮಾಡಿಸಿಕೊಂಡು ಬರಲು ಜನರನ್ನು ಕಳುಹಿಸಿದ್ದರು. ಎಷ್ಟು ಜನರನ್ನು ಕೇಳಬೇಕಾದೀತು ಎಂದು ಅವರು ಅಂದಾಜು ಮಾಡಿದ್ದರೋ, ಸುಮಾರು ಅದರ ಅರ್ಧದಷ್ಟು ಜನರನ್ನು ಕೇಳುವಷ್ಟರಲ್ಲೇ ಕೆಲಸ ಮುಗಿದಿತ್ತು. ಪ್ರಶ್ನಾವಳಿ ತುಂಬಲು ದುಡ್ಡು ಬಿಚ್ಚಬೇಕಿಲ್ಲ, ನಮ್ಮ ಮಾಲು ಕೊಳ್ಳಲು ಬಿಚ್ಚಬೇಕು, ಆ ವ್ಯತ್ಯಾಸ ನನಗೂ ಗೊತ್ತಿದೆ. ಆದರೂ ‘ಇಲ್ಲ’ ಎಂಬ ಉತ್ತರವನ್ನು ನಾವು ಇರುವುದಕ್ಕಿಂತ ದೊಡ್ಡದಾಗಿ ಕಾಣುತ್ತೇವೆ ಎಂಬುದು ಅಲ್ಲಿಗೂ ಇಲ್ಲಿಗೂ ಒಂದೇ. ಕೇಳಲು ಒಳ್ಳೆಯ ಹೊತ್ತು ಯಾವುದೆಂದರೆ, ಗಿರಾಕಿ ತಾನಾಗಿ ‘ಚೆನ್ನಾಗಿತ್ತು ಕಣಮ್ಮ’ ಎಂದ ಗಳಿಗೆ. ನಾವು ಆಗ ನಾಚಿ ‘ಏನೋ, ತಿಳಿದಷ್ಟು ಮಾಡಿದ್ದೇನೆ’ ಎಂದು ಆ ಗಳಿಗೆಯನ್ನು ಚೆಲ್ಲಿಬಿಡುತ್ತೇವೆ. ‘ನಾಲ್ಕು ಜನಕ್ಕೆ ಹೇಳಿ’ ಎಂಬುದೂ ಸಾಲದು, ಯಾವ ನಾಲ್ಕು ಜನ ಎಂದು ಅವರಿಗೆ ಹೊಳೆಯುವುದಿಲ್ಲ. ‘ನಿಮ್ಮ ನಾದಿನಿಯ ಸೀಮಂತ ಇದೆಯಂತಲ್ಲ, ಅವರಿಗೆ ನನ್ನ ನಂಬರ್ ಕೊಡುತ್ತೀರಾ?’ ಎಂದು ಕೇಳಿ. ಕೊಡುತ್ತಾರೆ. ಕೊಡದಿದ್ದರೆ ಹೋಳಿಗೆಯೇನೂ ಕೆಡುವುದಿಲ್ಲ.

ಇಷ್ಟು ಹೇಳಿ ಕೂತ ಮೇಲೆ ಕೆಲವು ಪ್ರಶ್ನೆಗಳು ಬಂದವು.

ಹರಿಹರದ ಕಡೆಯಿಂದ ಬಂದಿದ್ದ ಬಡಗಿಯೊಬ್ಬರು ಕೇಳಿದರು: ‘ನಮ್ಮ ಪಕ್ಕದವನು ತೇಗ ಎಂದು ಹೇಳಿ ಬೇರೆ ಮರ ಹಾಕುತ್ತಾನೆ, ಬಾಯಿ ದೊಡ್ಡದು, ಕೆಲಸವೆಲ್ಲ ಅವನಿಗೇ ಹೋಗುತ್ತದೆ. ಅವನ ಬಗ್ಗೆ ಹೇಳಬೇಕೋ ಬೇಡವೋ?’ ಅವನ ಹೆಸರೆತ್ತಬೇಡಿ ಎಂದೆ. ಬಾಗಿಲಿಗೆ ಪಾಲಿಶ್ ಹೊಡೆಯುವ ಮೊದಲು ಮನೆಯವರನ್ನು ಕರೆದು, ಕೊಯ್ದ ಮರದ ನಾರು ತೋರಿಸಿ, ಉಳಿದ ಒಂದು ತುಂಡನ್ನು ಅವರ ಕೈಗೇ ಕೊಡಿ. ಮರ ಕೊಂಡ ಸಾ ಮಿಲ್ಲಿನ ರಸೀದಿಯ ಪ್ರತಿಯನ್ನೂ ಕೊಡಿ. ಆ ಮನೆಯವರು ಪಕ್ಕದವನ ಹತ್ತಿರ ಹೋದಾಗಲೂ ರಸೀದಿ ಕೇಳುತ್ತಾರೆ.

ಇನ್ನೊಬ್ಬರು, ಸ್ವಲ್ಪ ವಯಸ್ಸಾದವರು, ಇನ್‌ಸ್ಟಾಗ್ರಾಂ ಕಲಿಯಲೇಬೇಕೇ ಎಂದರು. ಮೊದಲು ಗೂಗಲ್ ಮ್ಯಾಪಿನಲ್ಲಿ ಅಂಗಡಿಯ ಹೆಸರು ಕನ್ನಡದಲ್ಲಿ ಸರಿಯಾಗಿ ಇದೆಯೇ, ಬಾಗಿಲು ತೆರೆಯುವ ಹೊತ್ತು ಹಾಕಿದ್ದೀರಾ ನೋಡಿ, ಉಳಿದದ್ದನ್ನು ಮೊಮ್ಮಗಳಿಗೆ ಬಿಡಿ ಎಂದೆ.

ಕೊನೆಗೆ ಅಣಬೆ ಬೆಳೆಯುವ ಹುಡುಗಿಯೊಬ್ಬಳು ಎದ್ದು ನಿಂತಳು. ಹೋಟೆಲುಗಳಿಗೆ ಫೋನ್ ಮಾಡಲು ನಂಬರ್ ಒತ್ತುತ್ತಾಳಂತೆ, ರಿಂಗ್ ಆಗುವ ಮೊದಲೇ ಇಟ್ಟುಬಿಡುತ್ತಾಳಂತೆ. ಒಂದೆರಡು ಸಲ ಎತ್ತಿದವರು ‘ಈಗ ಪುರುಸೊತ್ತಿಲ್ಲ’ ಎಂದು ರೇಗಿದರಂತೆ. ಯಾವ ಹೊತ್ತಿನಲ್ಲಿ ಮಾಡಿದ್ದೆ ಎಂದು ಕೇಳಿದೆ. ಮಧ್ಯಾಹ್ನ ಒಂದು ಗಂಟೆಗೆ ಎಂದಳು. ಸಭೆಯಲ್ಲಿದ್ದ ಹೋಟೆಲಿನವರೇ ನಕ್ಕರು. ಊಟದ ಗದ್ದಲ ಮುಗಿದು ಸಂಜೆಯ ತಿಂಡಿ ಶುರುವಾಗುವ ಮೊದಲು, ಮೂರರಿಂದ ನಾಲ್ಕೂವರೆಯ ನಡುವೆ ಮಾಡಬೇಕು. ಮಾಲೀಕರನ್ನು ಕೇಳಬಾರದು, ತರಕಾರಿ ಖರೀದಿ ಮಾಡುವವರು ಯಾರು ಎಂದು ಕೇಳಬೇಕು. ‘ಈ ದಿನ ಬೆಳಿಗ್ಗೆ ಕೊಯ್ದ ಅಣಬೆ ಇದೆ, ಕಾಲು ಕೆಜಿ ತಂದು ಕೊಡುತ್ತೇನೆ, ಮಾಡಿ ನೋಡಿ, ದುಡ್ಡು ಬೇಡ’ ಎಂದಷ್ಟೇ ಹೇಳಬೇಕು. ಅವಳು ಇದನ್ನೆಲ್ಲ ಬರೆದುಕೊಳ್ಳುತ್ತಿರುವಾಗ ನಕ್ಕ ಹೋಟೆಲಿನವರಲ್ಲೇ ಒಬ್ಬರು ‘ಕೆಜಿಗೆ ಎಷ್ಟಮ್ಮ?’ ಎಂದು ಕೇಳಿದರು. ಬೆಲೆ ಹೇಳಿದಳು. ಆಮೇಲೆ ನನ್ನ ಕಡೆ ಒಮ್ಮೆ ನೋಡಿ, ಬಾಯಿ ಮುಚ್ಚಿಕೊಂಡು ನಿಂತಳು. ಅವರು ನಾಡಿದ್ದು ಎರಡು ಕೆಜಿ ತಂದುಕೊಡಲು ಹೇಳಿದರು.